ಇಂಗ್ಲೆಂಡಿನ ಶಿಶುಶಿಕ್ಷಕ ಅಪ್ರೆಂಟಿಸ್‌ಶಿಪ್

ಶಿಶುಶಿಕ್ಷಕ ಅಪ್ರೆಂಟಿಸ್‌ಶಿಪ್ ಎಂಬುದು ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣದ ವೃತ್ತಿಯನ್ನು ನರ್ಸರಿಯೊಂದರಲ್ಲಿ ಸಂಬಳಕ್ಕೆ ದುಡಿಯುತ್ತಲೇ ಕಲಿಯುವ ತರಬೇತಿ ಪದ್ಧತಿಯಾಗಿದೆ. ಇಂಗ್ಲೆಂಡಿನಲ್ಲಿ ಈ ವೃತ್ತಿಯ ಅಧಿಕೃತ ಹೆಸರು ‘ಅರ್ಲಿ ಇಯರ್ಸ್ ಎಜುಕೇಟರ್’. ತರಬೇತಿಯು ಅಲ್ಲಿನ ಅರ್ಹತಾ ಶ್ರೇಣಿಯಲ್ಲಿ ಮೂರನೆಯ ಹಂತಕ್ಕೆ ಸೇರಿದ್ದು, ಸರಿಸುಮಾರು ನಮ್ಮ ಪದವಿಪೂರ್ವ ಶಿಕ್ಷಣಕ್ಕೆ ಸಮಾನವೆನ್ನಬಹುದು. ಇದಕ್ಕಿಂತ ಕೆಳಗೆ ಎರಡನೆಯ ಹಂತದ ‘ಅರ್ಲಿ ಇಯರ್ಸ್ ಪ್ರಾಕ್ಟಿಷನರ್’ ಅಪ್ರೆಂಟಿಸ್‌ಶಿಪ್ ಇದೆ. 16 ವರ್ಷ ತುಂಬಿದವರು ಸೇರಬಹುದು. ಗರಿಷ್ಠ ವಯೋಮಿತಿ ಇಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳಲ್ಲಿ ತರಬೇತಿ ಮುಗಿಯುತ್ತದೆ. ಅಪ್ರೆಂಟಿಸ್ ಏಕಕಾಲಕ್ಕೆ ವಿದ್ಯಾರ್ಥಿಯೂ ನರ್ಸರಿಯ ನೌಕರರೂ ಆಗಿರುವುದು ಈ ಪದ್ಧತಿಯ ಮುಖ್ಯ ಲಕ್ಷಣ. ಇದರ ಬಗೆಗಿನ ವಿವಾದಗಳಲ್ಲಿ ಹೆಚ್ಚಿನವು ಹುಟ್ಟಿರುವುದೂ ಅದರಿಂದಲೇ.

ಹೆಸರಿನ ಅರ್ಥವ್ಯಾಪ್ತಿ

ಕರ್ನಾಟಕದಲ್ಲಿ ‘ನರ್ಸರಿ’ ಎಂದರೆ ಎಲ್‌ಕೆಜಿಗೆ ಮುಂಚಿನ ತರಗತಿ ಎಂಬ ಅರ್ಥ ಬಳಕೆಯಲ್ಲಿದೆ. ಇಂಗ್ಲೆಂಡಿನ ‘ಡೇ ನರ್ಸರಿ’ಯ ವ್ಯಾಪ್ತಿ ಇದಕ್ಕಿಂತ ಬಹಳ ದೊಡ್ಡದು. ಕೆಲವೇ ತಿಂಗಳ ಕೂಸಿನಿಂದ ಹಿಡಿದು ಶಾಲೆಗೆ ಸೇರುವ ನಾಲ್ಕು ವರ್ಷದ ಮಗುವಿನವರೆಗೆ ಎಲ್ಲರನ್ನೂ ಅದು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತದೆ. ಕೂಸುಗಳಿಗೆ, ಎರಡು ವರ್ಷದವರಿಗೆ, ಅದಕ್ಕೂ ದೊಡ್ಡವರಿಗೆ ಬೇರೆ ಬೇರೆ ಕೋಣೆಗಳಿರುವುದು ವಾಡಿಕೆ. ಇವುಗಳಲ್ಲಿ ಬಹುಪಾಲು ಖಾಸಗಿ ಅಥವಾ ಸೇವಾಸಂಸ್ಥೆಗಳ ಆಡಳಿತದಲ್ಲಿವೆ. ಸ್ಥಳೀಯ ಆಡಳಿತದ ನೆರವಿನಿಂದ ನಡೆಯುವ, ಪದವೀಧರ ಶಿಕ್ಷಕರಿರುವ ‘ನರ್ಸರಿ ಸ್ಕೂಲ್’ ಬೇರೆಯೇ ವರ್ಗದ ಸಂಸ್ಥೆ. ಹಾಗೆಯೇ ಅಪ್ರೆಂಟಿಸ್ ಎಂದೊಡನೆ ನಮ್ಮಲ್ಲಿ ಐಟಿಐ ಮುಗಿಸಿ ಕಾರ್ಖಾನೆಗೆ ಹೋಗುವ ಯುವಕರ ಚಿತ್ರ ಕಣ್ಣಮುಂದೆ ಬರುತ್ತದೆ. ಇಂಗ್ಲೆಂಡಿನಲ್ಲಿ ಶಿಶುಪಾಲನೆ, ಶುಶ್ರೂಷೆ, ಲೆಕ್ಕಪತ್ರ ಮುಂತಾದ ಕ್ಷೇತ್ರಗಳಿಗೂ ಇದೇ ಪದ ಅನ್ವಯಿಸುತ್ತದೆ.

ಇತಿಹಾಸ

ಶಾಲೆಯಲ್ಲಿ ದುಡಿಯುತ್ತಲೇ ಶಿಕ್ಷಕರಾಗುವ ಪದ್ಧತಿ ಇಂಗ್ಲೆಂಡಿಗೆ ಹೊಸದಲ್ಲ. ಅದರ ಮೂಲದ ಒಂದು ಎಳೆ ದಕ್ಷಿಣ ಭಾರತದಲ್ಲಿದೆ. ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಆಶ್ರಯಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಗಳ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಅಳವಡಿಸಿದನು. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ವ್ಯವಸ್ಥೆಯನ್ನೂ ರೂಪಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ‘ಮದರಾಸು ಪದ್ಧತಿ’ ಎಂದು ಹೆಸರಾದ ಇದು ಅಲ್ಪ ಖರ್ಚಿನ ಶಿಕ್ಷಣವೆಂದು ಇಂಗ್ಲೆಂಡಿನಲ್ಲಿ ವ್ಯಾಪಕವಾಗಿ ಹರಡಿತು.

ಅದರ ಕೊರತೆಗಳು ಗೋಚರವಾದ ಮೇಲೆ, ಜೇಮ್ಸ್ ಕೇ-ಷಟಲ್‌ವರ್ತ್ ನೇತೃತ್ವದಲ್ಲಿ 1846ರಲ್ಲಿ ‘ಪ್ಯೂಪಿಲ್ ಟೀಚರ್’ ಯೋಜನೆ ಜಾರಿಗೆ ಬಂದಿತು. 13 ವರ್ಷ ತುಂಬಿದ ಹುಡುಗ ಹುಡುಗಿಯರು ಐದು ವರ್ಷಗಳ ಒಪ್ಪಂದದ ಮೇಲೆ ಮುಖ್ಯೋಪಾಧ್ಯಾಯರ ಕೈಕೆಳಗೆ ಸೇರುತ್ತಿದ್ದರು. ಹಗಲು ಕಲಿಸಿ, ಉಳಿದ ವೇಳೆಯಲ್ಲಿ ತಾವು ಕಲಿಯುತ್ತಿದ್ದರು. ವರ್ಷಕ್ಕೆ 10 ಪೌಂಡಿನಿಂದ ಆರಂಭವಾದ ಭತ್ಯೆ ಕೊನೆಯ ವರ್ಷದಲ್ಲಿ 20 ಪೌಂಡಿಗೆ ಏರುತ್ತಿತ್ತು. ತರಗತಿಗೆ ಒಬ್ಬ ಅಗ್ಗದ ಸಹಾಯಕ ದೊರೆಯುತ್ತಾನೆಯೇ ಹೊರತು ಅವನ ಕಲಿಕೆಗೆ ಸಮಯ ಸಿಗುವುದಿಲ್ಲ ಎಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು. ಇಂದಿನ ನರ್ಸರಿ ಅಪ್ರೆಂಟಿಸರ ವಿಷಯದಲ್ಲಿಯೂ ಅದೇ ಮಾತು ಕೇಳಿಬರುತ್ತಿರುವುದು ಗಮನಾರ್ಹ.

ತೀರ ಎಳೆಯ ಮಕ್ಕಳ ಪಾಲನೆಗೆ ತರಬೇತಿ ಬೇಕೆಂಬ ವಿಚಾರ ತಡವಾಗಿ ಬಂದಿತು. ಅದು ತಾಯ್ತನದ ಸಹಜ ಗುಣವೆಂದೂ, ಒಳ್ಳೆಯ ನಡತೆಯ ಹೆಂಗಸೊಬ್ಬಳಿದ್ದರೆ ಸಾಕೆಂದೂ ಜನ ಭಾವಿಸಿದ್ದರು. 1892ರಲ್ಲಿ ಎಮಿಲಿ ವಾರ್ಡ್ ಲಂಡನ್ನಿನಲ್ಲಿ ನಾರ್ಲೆಂಡ್ ಸಂಸ್ಥೆಯನ್ನು ಸ್ಥಾಪಿಸಿ, ಫ್ರೊಬೆಲ್‌ನ ತತ್ತ್ವಗಳ ಆಧಾರದ ಮೇಲೆ ದಾದಿಯರಿಗೆ ಶಿಕ್ಷಣ ಕೊಡತೊಡಗಿದರು. ಇಲ್ಲಿ ಕಲಿಯುವವರೇ ಶುಲ್ಕ ತೆರಬೇಕಾಗಿತ್ತು. ಕಲಿತವರು ಸೇರುತ್ತಿದ್ದುದು ಶ್ರೀಮಂತರ ಮನೆಗಳಿಗೆ.

ಬಡವರ ಮಕ್ಕಳತ್ತ ಗಮನವನ್ನು ತಿರುಗಿಸಿದವರು ಮಾರ್ಗರೆಟ್ ಮೆಕ್‌ಮಿಲನ್ (1860–1931) ಮತ್ತು ಅವರ ಅಕ್ಕ ರೇಚೆಲ್. ಆಗ್ನೇಯ ಲಂಡನ್ನಿನ ಡೆಟ್‌ಫರ್ಡ್ ಕೊಳೆಗೇರಿಗಳಿಂದ ತುಂಬಿದ ಪ್ರದೇಶವಾಗಿತ್ತು. 1914ರಲ್ಲಿ ಅಕ್ಕತಂಗಿಯರು ಅಲ್ಲಿ ಬಯಲು ನರ್ಸರಿಯನ್ನು ತೆರೆದರು. ಮಕ್ಕಳಿಗೆ ಸ್ನಾನ, ಹೊಟ್ಟೆತುಂಬ ಊಟ, ತೆರೆದ ಗಾಳಿಯಲ್ಲಿ ನಿದ್ರೆ, ಆಡಲು ಕೈತೋಟ ಇವುಗಳಿಗೆ ಮೊದಲ ಸ್ಥಾನವಿತ್ತು. 1917ರಲ್ಲಿ ರೇಚೆಲ್ ತೀರಿಕೊಂಡ ಬಳಿಕವೂ ಮಾರ್ಗರೆಟ್ ಕೆಲಸವನ್ನು ಮುಂದುವರಿಸಿದರು. ಎಳೆಯ ಮಕ್ಕಳ ಶಿಕ್ಷಕಿಗೆ ಇತರ ಶಿಕ್ಷಕರಿಗಿಂತ ಕಡಿಮೆ ತರಬೇತಿ ಸಾಕೆಂಬ ವಾದವನ್ನು ಅವರು ಒಪ್ಪಲಿಲ್ಲ. ಪೂರ್ಣ ಮೂರು ವರ್ಷಗಳ ತರಬೇತಿ ಬೇಕೆಂದು ಹೋರಾಡಿದರು. ವಿದ್ಯಾರ್ಥಿನಿಯರು ಆರಂಭದಿಂದಲೇ ಮಕ್ಕಳ ನಡುವೆ ಕೆಲಸ ಮಾಡಬೇಕೆಂಬುದು ಅವರ ನಿಲುವು. ಅಕ್ಕನ ಹೆಸರಿನ ತರಬೇತಿ ಕಾಲೇಜು 1930ರಲ್ಲಿ ಡೆಟ್‌ಫರ್ಡ್‌ನಲ್ಲಿಯೇ ಆರಂಭವಾಯಿತು. ಮರುವರ್ಷ ಮಾರ್ಗರೆಟ್ ನಿಧನರಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಯಂದಿರು ಕಾರ್ಖಾನೆಗಳಿಗೆ ಹೋಗಬೇಕಾದುದರಿಂದ ನರ್ಸರಿಗಳು ಹೆಚ್ಚಿದವು. 1945ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನರ್ಸರಿ ಪರೀಕ್ಷಾ ಮಂಡಳಿ ನೀಡುತ್ತಿದ್ದ ಪ್ರಮಾಣಪತ್ರವು ಹಲವು ದಶಕಗಳ ಕಾಲ ಈ ವೃತ್ತಿಯ ಗುರುತಾಗಿತ್ತು. ಸಾಮಾನ್ಯವಾಗಿ ಎರಡು ವರ್ಷಗಳ ಈ ಶಿಕ್ಷಣದಲ್ಲಿ ಕಾಲೇಜಿನ ಪಾಠವೂ ನರ್ಸರಿಯ ಅಭ್ಯಾಸವೂ ಸರದಿಯಂತೆ ನಡೆಯುತ್ತಿದ್ದವು. 1990ರ ದಶಕದಲ್ಲಿ ಕೆಲಸದ ಸ್ಥಳದಲ್ಲಿಯೇ ಪರೀಕ್ಷಿಸಿ ಕೊಡುವ ರಾಷ್ಟ್ರೀಯ ವೃತ್ತಿ ಅರ್ಹತೆಗಳು ಬಂದವು. ನಂತರ ‘ಮಾಡರ್ನ್ ಅಪ್ರೆಂಟಿಸ್‌ಶಿಪ್’ ಯೋಜನೆ ಬಂದಿತು. ಪ್ರಮಾಣಪತ್ರಗಳ ಸಂಖ್ಯೆ ಬೆಳೆದಂತೆ ಯಾವುದಕ್ಕೆ ಎಷ್ಟು ಬೆಲೆ ಎಂಬ ಗೊಂದಲವೂ ಬೆಳೆಯಿತು.

ನಟ್‌ಬ್ರೌನ್ ವರದಿ ಮತ್ತು ಇಂದಿನ ಅರ್ಹತೆ

ಈ ಗೊಂದಲವನ್ನು ಪರಿಶೀಲಿಸಲು ಸರ್ಕಾರವು ಶೆಫೀಲ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಕ್ಯಾಥಿ ನಟ್‌ಬ್ರೌನ್ ಅವರನ್ನು ನೇಮಿಸಿತು. 2012ರ ಜೂನ್‌ನಲ್ಲಿ ಅವರು ಸಲ್ಲಿಸಿದ ವರದಿಯು ಮೂರನೆಯ ಹಂತದ ಶಿಕ್ಷಣವನ್ನು ಬಲಪಡಿಸಬೇಕೆಂದೂ, ಮಕ್ಕಳೊಡನೆ ಕೆಲಸ ಮಾಡುವವರೆಲ್ಲರೂ ಕ್ರಮೇಣ ಆ ಹಂತವನ್ನು ಮುಟ್ಟಬೇಕೆಂದೂ ಶಿಫಾರಸು ಮಾಡಿತು. ಶಾಲೆಯಲ್ಲಿ ಹಿಂದುಳಿದ ಹುಡುಗಿಯರನ್ನು ಕೇಶಾಲಂಕಾರಕ್ಕೋ ಶಿಶುಪಾಲನೆಗೋ ಕಳುಹಿಸಿಬಿಡುವ ಪ್ರವೃತ್ತಿಯನ್ನು ವರದಿ ಬಹಿರಂಗವಾಗಿಯೇ ಚರ್ಚಿಸಿತು. ನಟ್‌ಬ್ರೌನ್ ಅವರ ಕಳವಳಕ್ಕೆ ಸಂಶೋಧನೆಯ ಆಧಾರವೂ ಇತ್ತು: 1997ರಲ್ಲಿ ಆರಂಭವಾಗಿ 3,000ಕ್ಕೂ ಹೆಚ್ಚು ಮಕ್ಕಳ ಬೆಳವಣಿಗೆಯನ್ನು ಅನುಸರಿಸಿದ ‘ಎಪ್ಪೆ’ ಅಧ್ಯಯನವು, ಸಿಬ್ಬಂದಿಯ ಅರ್ಹತೆ ಹೆಚ್ಚಿದ್ದಲ್ಲಿ ಸಂಸ್ಥೆಯ ಗುಣಮಟ್ಟವೂ ಹೆಚ್ಚಿರುತ್ತದೆ ಎಂಬುದನ್ನು ತೋರಿಸಿತ್ತು.

2014ರ ಸೆಪ್ಟೆಂಬರ್‌ನಿಂದ ಹೊಸ ‘ಅರ್ಲಿ ಇಯರ್ಸ್ ಎಜುಕೇಟರ್’ ಅರ್ಹತೆ ಜಾರಿಗೆ ಬಂದಿತು. ಇಂಗ್ಲಿಷ್ ಮತ್ತು ಗಣಿತಗಳಲ್ಲಿ ಜಿಸಿಎಸ್‌ಇ ಪರೀಕ್ಷೆಯ ಸಿ ದರ್ಜೆ ಕಡ್ಡಾಯವಾಯಿತು; ಇದು ನಮ್ಮ ಎಸ್ಸೆಸ್ಸೆಲ್ಸಿಯ ಮಟ್ಟದ ಪರೀಕ್ಷೆ. ಪರಿಣಾಮವಾಗಿ ತರಬೇತಿಗೆ ಸೇರುವವರು ಕಡಿಮೆಯಾದರೆಂದು ನರ್ಸರಿಗಳು ದೂರಿದವು. 2017ರ ಏಪ್ರಿಲ್‌ನಲ್ಲಿ ಬದಲಿ ಪರೀಕ್ಷೆಗಳನ್ನೂ ಒಪ್ಪಲಾಯಿತು. 2024ರ ಜನವರಿಯಿಂದ ಗಣಿತದ ನಿಬಂಧನೆಯನ್ನು ಸಾಮಾನ್ಯ ಸಿಬ್ಬಂದಿಗೆ ಕೈಬಿಟ್ಟು, ಹೊಸದಾಗಿ ನೇಮಕವಾಗುವ ವ್ಯವಸ್ಥಾಪಕರಿಗೆ ಮಾತ್ರ ಉಳಿಸಲಾಯಿತು. ಹತ್ತು ವರ್ಷಗಳ ಅಂತರದಲ್ಲಿ ಬಿಗಿಮಾಡಿದ್ದೂ ಸಡಿಲಿಸಿದ್ದೂ ಸರ್ಕಾರವೇ.

ತರಬೇತಿಯ ಸ್ವರೂಪ

ಅಪ್ರೆಂಟಿಸ್, ನರ್ಸರಿ ಮತ್ತು ತರಬೇತಿ ಸಂಸ್ಥೆ ಈ ಮೂವರ ನಡುವಿನ ಒಪ್ಪಂದದಿಂದ ತರಬೇತಿ ಆರಂಭವಾಗುತ್ತದೆ. ಮಕ್ಕಳ ಬಳಿ ಕೆಲಸ ಮಾಡುವವರ ಅಪರಾಧ ದಾಖಲೆಯನ್ನು ‘ಡಿಬಿಎಸ್’ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಪರಿಶೀಲಿಸುವುದು ಕಡ್ಡಾಯ. ಹೆಚ್ಚಿನ ಸಮಯ ನರ್ಸರಿಯ ಕೋಣೆಯಲ್ಲಿಯೇ ಕಳೆಯುತ್ತದೆ. ತರಬೇತಿ ಸಂಸ್ಥೆಯ ಬೋಧಕರು ಆಗಾಗ ಬಂದು ಕೆಲಸವನ್ನು ನೋಡಿ ಸಲಹೆ ನೀಡುತ್ತಾರೆ. ಸಂಬಳದ ವೇಳೆಯಲ್ಲಿಯೇ, ಆದರೆ ದೈನಂದಿನ ಕೆಲಸದಿಂದ ಬಿಡುವು ಕೊಟ್ಟು ಕಲಿಸಬೇಕಾದ ಅವಧಿಯೊಂದು ನಿಗದಿಯಾಗಿದೆ. ಮೊದಲು ಅದು ಕೆಲಸದ ವೇಳೆಯ ನೂರಕ್ಕೆ 20ರಷ್ಟಿತ್ತು. 2022ರ ಆಗಸ್ಟ್‌ನಿಂದ ಪೂರ್ಣಕಾಲಿಕರಿಗೆ ವಾರಕ್ಕೆ ಕನಿಷ್ಠ ಸರಾಸರಿ 6 ಗಂಟೆ ಎಂದಾಯಿತು. 2025ರಲ್ಲಿ ಆಯಾ ವೃತ್ತಿಗೆ ಒಟ್ಟು ಗಂಟೆಗಳನ್ನು ಪ್ರತ್ಯೇಕವಾಗಿ ಗೊತ್ತುಪಡಿಸುವ ಕ್ರಮ ಬಂದಿತು.

ಪಠ್ಯಕ್ಕೆ ಆಧಾರ ‘ಇವೈಎಫ್‌ಎಸ್’ ಎಂಬ ಶಾಸನಬದ್ಧ ಚೌಕಟ್ಟು. 2006ರ ಶಿಶುಪಾಲನಾ ಕಾಯಿದೆಯ ಅಡಿಯಲ್ಲಿ ರೂಪುಗೊಂಡು 2008ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಇದು ಹಲವು ಬಾರಿ ಪರಿಷ್ಕೃತವಾಗಿದೆ. ಕಲಿಕೆಯ ಏಳು ಕ್ಷೇತ್ರಗಳಲ್ಲಿ ಮಾತು ಮತ್ತು ಭಾಷೆ, ದೈಹಿಕ ಬೆಳವಣಿಗೆ, ವೈಯಕ್ತಿಕ–ಸಾಮಾಜಿಕ–ಭಾವನಾತ್ಮಕ ಬೆಳವಣಿಗೆ ಈ ಮೂರು ಮೂಲಭೂತವಾದವು. ಓದುಬರಹ, ಗಣಿತ, ಪರಿಸರಜ್ಞಾನ, ಕಲೆ ಇವು ಅವುಗಳ ಮೇಲೆ ನಿಲ್ಲುತ್ತವೆ. ಮೂರು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ಅಕ್ಷರ ತಿದ್ದಿಸುವ ಆತುರ ಈ ಚೌಕಟ್ಟಿನಲ್ಲಿಲ್ಲ.

ಆರಂಭದ ತಿಂಗಳುಗಳಲ್ಲಿ ಅಪ್ರೆಂಟಿಸರ ಪಾಲಿಗೆ ಬರುವುದು ಬಹುತೇಕ ಪಾಲನೆಯ ಕೆಲಸ. ಡೈಪರ್ ಬದಲಿಸುವುದು, ಉಣಿಸುವುದು, ಮಲಗಿಸುವುದು, ಆಟಿಕೆಗಳನ್ನು ತೊಳೆದಿಡುವುದು, ಸಣ್ಣಪುಟ್ಟ ಗಾಯಗಳನ್ನು ದಾಖಲಿಸಿ ಸಂಜೆ ಪೋಷಕರಿಗೆ ತಿಳಿಸುವುದು ಇತ್ಯಾದಿ. ಹೊರಗಿನವರಿಗೆ ಇವು ಆಳುಕೆಲಸದಂತೆ ಕಾಣಬಹುದು. ಪ್ರತಿಯೊಂದರ ಹಿಂದೆಯೂ ಕಾರಣವಿದೆ. ಕೂಸನ್ನು ಅಂಗಾತ ಮಲಗಿಸಬೇಕು. ನಿದ್ರಿಸುವಾಗ ಆಗಾಗ ಹೋಗಿ ನೋಡಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಬೇಕು, ಏಕೆಂದರೆ ಇಡೀ ಹಣ್ಣು ಎಳೆಯ ಗಂಟಲಿನಲ್ಲಿ ಬಿರಡೆಯಂತೆ ಕೂರಬಲ್ಲದು. ಯಾವ ಮಗುವಿಗೆ ಯಾವ ಆಹಾರ ಒಗ್ಗುವುದಿಲ್ಲವೆಂಬುದು ನೆನಪಿನಲ್ಲಿರಬೇಕು. ಕೋಣೆಯಲ್ಲಿ ಸ್ವಂತ ಮೊಬೈಲ್ ಬಳಸುವಂತಿಲ್ಲ ಎಂಬ ನಿಯಮ ಸಾಮಾನ್ಯವಾಗಿದೆ. ಮಗುವಿನ ಮೈಮೇಲಿನ ಗುರುತು, ನಡತೆಯ ಬದಲಾವಣೆ, ಸಹೋದ್ಯೋಗಿಯ ಒರಟುತನ ಇಂಥವು ಕಂಡಾಗ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಸಿಬ್ಬಂದಿಗೆ ತಿಳಿಸುವ ಕರ್ತವ್ಯ ಮೊದಲ ದಿನದಿಂದಲೇ ಇರುತ್ತದೆ. ಹದಿನೇಳರ ಹರೆಯದವರಿಗೆ ಹಿರಿಯ ಸಹೋದ್ಯೋಗಿಯ ಮೇಲೆ ದೂರು ಹೇಳುವುದು ಸುಲಭವಲ್ಲವಾದ್ದರಿಂದ ಇದನ್ನು ಪ್ರತ್ಯೇಕ ಪಾಠವಾಗಿಯೇ ಕಲಿಸಲಾಗುತ್ತದೆ. 12 ಗಂಟೆಗಳ ಶಿಶು ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಮೂರು ವರ್ಷಗಳಿಗೊಮ್ಮೆ ನವೀಕರಿಸಬೇಕು.

ನರ್ಸರಿಯಲ್ಲಿ ಪ್ರತಿ ಮಗುವಿಗೂ ಒಬ್ಬ ‘ಕೀ ಪರ್ಸನ್’, ಅಂದರೆ ಆ ಮಗುವಿನ ವಿಶೇಷ ಹೊಣೆ ಹೊತ್ತ ಪಾಲಕರು ಇರಬೇಕೆಂಬುದು ಶಾಸನದ ವಿಧಿ. ಮಗುವಿಗೆ ಮನೆಯ ಹೊರಗೂ ನಂಬಿಕೆಯ ಮುಖವೊಂದು ಬೇಕೆಂಬ ಈ ವಿಚಾರ ನರ್ಸರಿಗಳಲ್ಲಿ ಬೇರೂರಲು ಎಲಿನರ್ ಗೋಲ್ಡ್‌ಶ್ಮೀಡ್ (1910–2009) ಅವರ ಕೆಲಸ ಬಹುಮಟ್ಟಿಗೆ ಕಾರಣ. ಕೂತುಕೊಳ್ಳಲು ಕಲಿತ ಕೂಸಿನ ಮುಂದೆ ಮರದ ಚಮಚ, ಕುಂಚ, ಕಪ್ಪೆಚಿಪ್ಪು, ಸರಪಳಿ ಮೊದಲಾದ ನಿತ್ಯದ ವಸ್ತುಗಳ ಬುಟ್ಟಿಯನ್ನಿಟ್ಟು, ದೊಡ್ಡವರು ಮಾತನಾಡದೆ ಪಕ್ಕದಲ್ಲಿ ಕುಳಿತಿರುವ ‘ನಿಧಿಬುಟ್ಟಿ’ಯ ಆಟವೂ ಅವರದೇ. ಸುಮ್ಮನೆ ಕುಳಿತಿರುವುದು ಹೊಸ ಅಪ್ರೆಂಟಿಸರಿಗೆ ಕಷ್ಟದ ಪಾಠ.

ಅವಲೋಕನ

ಪಾಲನೆಯ ಕೆಲಸವನ್ನು ಶಿಕ್ಷಕ ವೃತ್ತಿಯ ಮಟ್ಟಕ್ಕೆ ಏರಿಸುವುದು ಅವಲೋಕನ. ಮಗು ಮಾಡಿದ್ದನ್ನು, ಆಡಿದ ಮಾತನ್ನು ಇದ್ದಂತೆಯೇ ಬರೆದುಕೊಂಡು, ಅದರ ಅರ್ಥವನ್ನು ಆಮೇಲೆ ಯೋಚಿಸುವುದು ಇದರ ಕ್ರಮ. ಕೇಂಬ್ರಿಜ್‌ನ ಮಾಲ್ಟಿಂಗ್ ಹೌಸ್ ಶಾಲೆಯನ್ನು 1924ರಿಂದ 1927ರವರೆಗೆ ನಡೆಸಿದ ಸೂಸನ್ ಐಸಾಕ್ಸ್, ಮಕ್ಕಳ ಪ್ರಶ್ನೆ, ಜಗಳ, ಪ್ರಯೋಗಗಳನ್ನು ವಿವರವಾಗಿ ದಾಖಲಿಸಿ ಈ ಪರಂಪರೆಗೆ ಭದ್ರ ಅಡಿಪಾಯ ಹಾಕಿದರು.

ಎರಡು ವರ್ಷದ ಮಗುವೊಂದು ಇಟ್ಟಿಗೆ ಮೂಲೆಯ ಆಟಿಕೆಗಳನ್ನೆಲ್ಲ ಚೀಲಕ್ಕೆ ತುಂಬಿ, ನೀರಿನ ತೊಟ್ಟಿಯ ಬಳಿ ಸುರಿದು, ಮತ್ತೆ ತುಂಬಿಕೊಂಡು ಪುಸ್ತಕದ ಮೂಲೆಗೆ ಒಯ್ಯುತ್ತದೆ ಎಂದುಕೊಳ್ಳೋಣ. ಹೊಸಬರ ಕಣ್ಣಿಗೆ ಇದು ತುಂಟತನ. ಜೋಡಿಸಿಟ್ಟದ್ದನ್ನು ಹಾಳುಮಾಡುವ ಕೆಲಸ. ಕ್ರಿಸ್ ಏತಿ 1970ರ ದಶಕದಲ್ಲಿ ಲಂಡನ್ನಿನ ಫ್ರೊಬೆಲ್ ಸಂಸ್ಥೆಯಲ್ಲಿ ನಡೆಸಿ 1990ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನವು ಇಂಥ ಪುನರಾವರ್ತನೆಗಳಲ್ಲಿ ಚಿಂತನೆಯ ವಿನ್ಯಾಸಗಳಿವೆ ಎಂದು ತೋರಿಸಿತು. ಅದನ್ನು ಓದಿದ ಅಪ್ರೆಂಟಿಸ್ ಮಗುವನ್ನು ಗದರಿಸುವ ಬದಲು ತಳ್ಳುಗಾಡಿಯೊಂದನ್ನು ಒದಗಿಸಿ, ‘ಎಷ್ಟು ತಂದೆ? ಭಾರವಾಯಿತೇ?’ ಎಂದು ಮಾತಿಗೆಳೆಯಬಹುದು. ಮಗು ಮತ್ತು ದೊಡ್ಡವರು ಜೊತೆಗೂಡಿ ಒಂದು ವಿಚಾರವನ್ನು ಬೆಳೆಸುವ ಇಂಥ ಸಂಭಾಷಣೆಗೆ ‘ಎಪ್ಪೆ’ ತಂಡದ ಸಂಶೋಧಕರು ವಿಶೇಷ ಮಹತ್ತ್ವ ನೀಡಿದ್ದಾರೆ.

ಅವಲೋಕನವು ಅತಿಯಾದುದೂ ಉಂಟು. ಪ್ರತಿ ಮಗುವಿಗೆ ವಾರಕ್ಕೆ ಇಂತಿಷ್ಟು ಟಿಪ್ಪಣಿ, ಇಂತಿಷ್ಟು ಛಾಯಾಚಿತ್ರ ಎಂಬ ಲೆಕ್ಕಾಚಾರ ಬೆಳೆದು, ಮಗುವಿನೊಡನೆ ಇರಬೇಕಾದವರು ಟ್ಯಾಬ್ಲೆಟ್ ಪರದೆಯಲ್ಲಿ ಮುಳುಗಿದರೆಂಬ ಟೀಕೆ ಬಂದಿತು. 2021ರ ಪರಿಷ್ಕೃತ ಚೌಕಟ್ಟಿನ ಉದ್ದೇಶಗಳಲ್ಲಿ ಈ ಬರಹದ ಹೊರೆಯನ್ನು ತಗ್ಗಿಸುವುದೂ ಒಂದಾಗಿತ್ತು.

ಸಿಬ್ಬಂದಿ–ಮಕ್ಕಳ ಅನುಪಾತ

ಅಪ್ರೆಂಟಿಸರ ಸ್ಥಿತಿಯನ್ನು ಅರಿಯಲು ಈ ಅನುಪಾತವನ್ನು ತಿಳಿಯುವುದು ಅಗತ್ಯ. ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬ ಸಿಬ್ಬಂದಿ ಇರಬೇಕು. ಎರಡು ವರ್ಷದವರಿಗೆ 1:4 ಇದ್ದ ಅನುಪಾತವನ್ನು 2023ರ ಸೆಪ್ಟೆಂಬರ್‌ನಿಂದ 1:5 ಮಾಡಲಾಗಿದೆ. ಮೂರು ವರ್ಷ ದಾಟಿದವರಿಗೆ ಸಾಮಾನ್ಯವಾಗಿ 1:8; ಅರ್ಹ ಶಿಕ್ಷಕರು ಜೊತೆಗಿದ್ದಲ್ಲಿ 1:13. ಸಿಬ್ಬಂದಿಯಲ್ಲಿ ಯಾವ ಅರ್ಹತೆಯವರು ಎಷ್ಟು ಮಂದಿ ಇರಬೇಕೆಂಬುದೂ ನಿಗದಿಯಾಗಿದೆ.

16 ವರ್ಷ ತುಂಬಿದ ಅಪ್ರೆಂಟಿಸರು ಸಮರ್ಥರೂ ಹೊಣೆಯರಿತವರೂ ಎಂದು ನರ್ಸರಿಗೆ ಮನವರಿಕೆಯಾದರೆ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವಿದ್ದರೆ, ಅವರನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಆದರೆ ಕಲಿಯುತ್ತಿರುವ ಹಂತಕ್ಕಿಂತ ಒಂದು ಹಂತ ಕೆಳಗೆ ಮಾತ್ರ: ಮೂರನೆಯ ಹಂತದಲ್ಲಿ ಕಲಿಯುವವರನ್ನು ಎರಡನೆಯ ಹಂತದವರೆಂದು ಎಣಿಸಲಾಗುತ್ತದೆ.

ಆರು ಕೂಸುಗಳ ಕೋಣೆಗೆ ಇಬ್ಬರು ಬೇಕು. ಒಬ್ಬರು ಜ್ವರವೆಂದು ರಜೆ ಹಾಕಿದ ದಿನ, ನೋಡಿ ಕಲಿಯಬೇಕಾದ ಅಪ್ರೆಂಟಿಸ್ ಮೂರು ಕೂಸುಗಳ ಹೊಣೆಗಾರರಾಗುತ್ತಾರೆ. ಅಂದು ಅವರಿಗೆ ಕಲಿಕೆಯ ಬಿಡುವು ಕೊಟ್ಟರೆ ಕೋಣೆ ಕಾನೂನಿನ ಪ್ರಕಾರ ನಡೆಯದು. ಲೆಕ್ಕಕ್ಕೆ ಸೇರಿಸದೆ ಹೆಚ್ಚುವರಿಯಾಗಿ ಇರಿಸಿಕೊಂಡರೆ ಕಲಿಕೆ ಚೆನ್ನಾಗಿ ನಡೆಯುತ್ತದೆ, ನರ್ಸರಿಯ ಖರ್ಚು ಏರುತ್ತದೆ. ಓದುಬರಹವನ್ನು ರಾತ್ರಿ ಮನೆಯಲ್ಲಿ ಮಾಡಿ ಮುಗಿಸುವ ಅಪ್ರೆಂಟಿಸರು ಇರುವುದು ಈ ಇಕ್ಕಟ್ಟಿನಿಂದಲೇ ಹೊರತು ಸದಾ ನರ್ಸರಿಯ ದುರುದ್ದೇಶದಿಂದಲ್ಲ. ಅನುಪಾತಗಳನ್ನು ಇನ್ನಷ್ಟು ಸಡಿಲಿಸುವ ಪ್ರಸ್ತಾಪವನ್ನು ಸರ್ಕಾರ 2013ರ ಜನವರಿಯಲ್ಲಿ ಮುಂದಿಟ್ಟಾಗ ನಟ್‌ಬ್ರೌನ್ ಅದನ್ನು ಬಲವಾಗಿ ಟೀಕಿಸಿದರು. ಉಪಪ್ರಧಾನಿ ನಿಕ್ ಕ್ಲೆಗ್ ಕೂಡ ವಿರೋಧಿಸಿದ್ದರಿಂದ ಅದೇ ವರ್ಷ ಪ್ರಸ್ತಾಪ ಬಿದ್ದುಹೋಯಿತು. ಎರಡು ವರ್ಷದವರ ವಿಷಯದಲ್ಲಿ ಹತ್ತು ವರ್ಷಗಳ ನಂತರ ಅದು ಭಾಗಶಃ ಮರಳಿ ಬಂದಿತು.

ವೇತನ ಮತ್ತು ವೆಚ್ಚ

19 ವರ್ಷದೊಳಗಿನವರಿಗೆ, ಹಾಗೂ ಅದಕ್ಕೂ ಹಿರಿಯರಿಗೆ ಮೊದಲ ವರ್ಷದಲ್ಲಿ, ಅಪ್ರೆಂಟಿಸ್ ಕನಿಷ್ಠ ವೇತನ ಅನ್ವಯಿಸುತ್ತದೆ. ಇದು 2022ರ ಏಪ್ರಿಲ್‌ನಲ್ಲಿ ಗಂಟೆಗೆ 4.81 ಪೌಂಡ್ ಇದ್ದು, 2025ರ ಏಪ್ರಿಲ್‌ನಲ್ಲಿ 7.55 ಪೌಂಡ್ ಆಯಿತು. 21 ವರ್ಷ ತುಂಬಿದ ಸಾಮಾನ್ಯ ಕಾರ್ಮಿಕರಿಗೆ ಆಗ 12.21 ಪೌಂಡ್ ಇತ್ತು. ಹೆಚ್ಚು ಕೊಡುವ ನರ್ಸರಿಗಳೂ ಇವೆ. ತರಬೇತಿಯ ಶುಲ್ಕವನ್ನು ಅಪ್ರೆಂಟಿಸ್ ತೆರಬೇಕಾಗಿಲ್ಲ. 2017ರಿಂದ 30 ಲಕ್ಷ ಪೌಂಡಿಗಿಂತ ಹೆಚ್ಚು ವಾರ್ಷಿಕ ವೇತನಪಟ್ಟಿಯುಳ್ಳ ಉದ್ಯೋಗದಾತರ ಮೇಲೆ ನೂರಕ್ಕೆ 0.5ರ ಸುಂಕ ವಿಧಿಸಿ ಈ ವೆಚ್ಚವನ್ನು ಭರಿಸಲಾಗುತ್ತಿದೆ. ಸಣ್ಣ ಸಂಸ್ಥೆಗಳಿಗೆ ಸರ್ಕಾರದ ನೆರವಿದೆ.

ತರಬೇತಿ ಮುಗಿದ ಮೇಲೂ ಸಂಬಳ ಬಹಳ ಏರುವುದಿಲ್ಲ ಎಂಬುದು ಈ ವೃತ್ತಿಯ ದೊಡ್ಡ ಅಸಮಾಧಾನ. ದಿನಸಿ ಮಳಿಗೆಯ ಕೆಲಸದೊಡನೆ ಇದನ್ನು ಹೋಲಿಸಿ ಬಿಟ್ಟುಹೋಗುವವರಿದ್ದಾರೆ. ವೃತ್ತಿಯಲ್ಲಿರುವವರು ಬಹುಪಾಲು ಸ್ತ್ರೀಯರೇ ಎಂಬುದಕ್ಕೂ ಕಡಿಮೆ ಸಂಬಳಕ್ಕೂ ಸಂಬಂಧವಿದೆ ಎಂದು ವಿಮರ್ಶಕರು ಹೇಳುತ್ತಾರೆ. ಕೆಲಸದಲ್ಲಿರುವ ತಂದೆತಾಯಿಯರ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ದೊರೆಯುವ ಪಾಲನೆಯನ್ನು 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಕೂಸಿನವರೆಗೂ ವಾರಕ್ಕೆ 30 ಗಂಟೆಗಳಿಗೆ ವಿಸ್ತರಿಸಿರುವುದರಿಂದ ಸಿಬ್ಬಂದಿಯ ಬೇಡಿಕೆ ಮತ್ತಷ್ಟು ಹೆಚ್ಚಿದೆ.

ಅಂತಿಮ ಮೌಲ್ಯಮಾಪನ ಮತ್ತು ಮುಂದಿನ ದಾರಿ

ತರಬೇತಿಯ ಕೊನೆಯಲ್ಲಿ, ಕಲಿಸಿದವರಲ್ಲದ ಸ್ವತಂತ್ರ ಸಂಸ್ಥೆಯೊಂದು ಮೌಲ್ಯಮಾಪನ ನಡೆಸುವ ಕ್ರಮವಿದೆ. ಇದರಲ್ಲಿ ಬಹುಆಯ್ಕೆಯ ಲಿಖಿತ ಪರೀಕ್ಷೆಯೂ, ಅಪ್ರೆಂಟಿಸ್ ತಮ್ಮ ಕೆಲಸದ ದಾಖಲೆಗಳ ಕಡತವನ್ನು ಆಧರಿಸಿ ನಡೆಸುವ ವೃತ್ತಿಪರ ಸಂವಾದವೂ ಸೇರಿವೆ. ಎಲ್ಲರೂ ಇಲ್ಲಿಯವರೆಗೆ ತಲಪುವುದಿಲ್ಲ. ಎಲ್ಲ ವೃತ್ತಿಗಳ ಅಪ್ರೆಂಟಿಸರನ್ನು ಒಟ್ಟುಗೂಡಿಸಿ, 2025ರ ವೇಳೆಗೆ ನೂರಕ್ಕೆ 67 ಮಂದಿಯಾದರೂ ಪೂರೈಸಬೇಕೆಂದು ಸರ್ಕಾರ ಗುರಿಯಿಟ್ಟುಕೊಂಡಿತ್ತು ಎಂಬುದರಿಂದಲೇ ಪರಿಸ್ಥಿತಿಯನ್ನು ಊಹಿಸಬಹುದು.

ಉತ್ತೀರ್ಣರಾದವರು ಕೋಣೆಯ ಮುಖ್ಯಸ್ಥರಾಗಬಹುದು, ಐದನೆಯ ಹಂತದ ಅಪ್ರೆಂಟಿಸ್‌ಶಿಪ್ ಸೇರಬಹುದು, ಪದವಿ ಪಡೆದು ‘ಅರ್ಲಿ ಇಯರ್ಸ್ ಟೀಚರ್’ ಆಗಬಹುದು. ಆದರೆ ಈ ಕೊನೆಯ ಸ್ಥಾನಕ್ಕೆ ಶಾಲಾ ಶಿಕ್ಷಕರ ‘ಕ್ಯೂಟಿಎಸ್’ ಮಾನ್ಯತೆ ಇಲ್ಲ. ಪ್ರವೇಶದ ಅರ್ಹತೆ ಒಂದೇ ಆಗಿದ್ದರೂ ಸಂಬಳ ಹಾಗೂ ಸ್ಥಾನಮಾನಗಳಲ್ಲಿ ಇವರು ಹಿಂದೆ ಉಳಿಯುತ್ತಾರೆ.

ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಸಾಮಾನ್ಯವಾಗಿ ಈ ಅಪ್ರೆಂಟಿಸ್‌ಶಿಪ್‌ಗೆ ಅರ್ಹರಾಗುವುದಿಲ್ಲ. ಮೇಲಿನ ನಿಯಮಗಳು ಇಂಗ್ಲೆಂಡಿಗೆ ಮಾತ್ರ ಸೀಮಿತವಾಗಿವೆ. ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ಅರ್ಹತೆಗಳಿವೆ. ಸ್ಕಾಟ್ಲೆಂಡಿನಲ್ಲಿ ನರ್ಸರಿ ಸಿಬ್ಬಂದಿ ಅಲ್ಲಿನ ಸಮಾಜಸೇವಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.